ಮೊಟ್ಟೆಯ ಸಿಪ್ಪೆ ಮತ್ತು ಅಮ್ಮಿಯ ಪ್ರಶ್ನೆ

ಅಮ್ಮಿಗೆ ಮಂಡಿನೋವು. ಸಂಬಂಧಿಕರೊಬ್ಬರು ಹೊರದೇಶದಿಂದ ತಂದುಕೊಟ್ಟ ಕೊಲಾಜೆನ್ ಮಾತ್ರೆಗಳ ಡಬ್ಬಿಯನ್ನು ತಿರುಗಿಸಿ ನೋಡುತ್ತಾ ಕೇಳಿದರು: "ಇದನ್ನು ಯಾವುದರಿಂದ ತೆಗೀತಾರೆ ಬೇಟಾ?" ಡಬ್ಬಿಯ ಮೇಲೆ ಪ್ರಾಣಿಯ ಹೆಸರಿರಲಿಲ್ಲ. ನಮ್ಮ ಆಹಾರ ಪೊಟ್ಟಣಗಳ ಮೇಲಿನ ಕಂದು ಗುರುತೂ ಮಾಂಸಾಹಾರ ಎಂದಷ್ಟೇ ಹೇಳುತ್ತದೆ, ಯಾವ ಪ್ರಾಣಿಯದೆಂದು ಹೇಳುವುದಿಲ್ಲ. ಡಬ್ಬಿ ಅಲಮಾರಿ ಸೇರಿತು.

ಕೊಲಾಜೆನ್ ಎಂಬುದು ಚರ್ಮ, ಮೂಳೆ, ಕೀಲುಗಳನ್ನು ಗಟ್ಟಿಯಾಗಿ ಹಿಡಿದಿಡುವ ಪ್ರೋಟೀನ್. ಮಾರುಕಟ್ಟೆಗೆ ಬರುವುದು ಹೆಚ್ಚಾಗಿ ಹಂದಿಯ ಚರ್ಮದಿಂದ, ದನದ ಚರ್ಮ ಮತ್ತು ಮೂಳೆಗಳಿಂದ, ಮೀನಿನಿಂದಲೂ ಉಂಟು. ಹಂದಿ ನಮಗೆ ನಿಷಿದ್ಧ, ದನ ಅನೇಕ ಹಿಂದೂ ಬಂಧುಗಳಿಗೆ ಬೇಡ. ಹೀಗಿರುವಾಗ ಮೊಟ್ಟೆಯ ಸಿಪ್ಪೆಯಿಂದಲೂ ಕೊಲಾಜೆನ್ ತೆಗೆಯಬಹುದೆಂದು ಓದಿದಾಗ ಈದ್‌ನ ಚಂದ್ರ ಕಂಡಷ್ಟು ಸಂತೋಷವಾಯಿತು.

ಬೇಯಿಸಿದ ಮೊಟ್ಟೆ ಸುಲಿಯುವಾಗ ಬೆರಳಿಗಂಟುವ ಬಿಳಿ ಪೊರೆಯಿದೆಯಲ್ಲ, ಕೊಲಾಜೆನ್ ಇರುವುದು ಅದರಲ್ಲಿ. ಉಳಿದ ಸಿಪ್ಪೆ ಬಹುಪಾಲು ಸುಣ್ಣದ ಕಲ್ಲೇ. ನಮ್ಮ ದೇಶದಲ್ಲಿ 2023-24ರಲ್ಲಿ 14,000 ಕೋಟಿಗೂ ಹೆಚ್ಚು ಮೊಟ್ಟೆಗಳು ಉತ್ಪಾದನೆಯಾದವು. ಪ್ರತಿ ಮೊಟ್ಟೆಯ ತೂಕದಲ್ಲಿ ಸುಮಾರು ಹತ್ತನೇ ಒಂದು ಭಾಗ ಸಿಪ್ಪೆ. ಮನೆಗಳಲ್ಲಿ ಅದು ಕಸದ ಬುಟ್ಟಿ ಸೇರುತ್ತದೆ, ಮೊಟ್ಟೆ ಪುಡಿಯ ಕಾರ್ಖಾನೆಗಳಲ್ಲಿ ರಾಶಿ ಬಿದ್ದು ನಾರುತ್ತದೆ. ಅಮೆರಿಕದ ಆಹಾರ ವಿಜ್ಞಾನಿ ಜೋಸೆಫ್ ಮ್ಯಾಕ್‌ನೀಲ್ ಪೊರೆಯನ್ನು ಬೇರ್ಪಡಿಸುವ ವಿಧಾನಕ್ಕೆ 2001ರಲ್ಲಿ ಪೇಟೆಂಟ್ ಪಡೆದರು. ಸಿಪ್ಪೆಯನ್ನು ಅರೆದು ನೀರಿಗೆ ಹಾಕಿದರೆ ಸುಣ್ಣ ತಳಕ್ಕಿಳಿಯುತ್ತದೆ, ಹಗುರವಾದ ಪೊರೆ ಮೇಲುಳಿಯುತ್ತದೆ. ಎಷ್ಟು ಸರಳ!

ದಾನವಾಗಿ ಬಂದ ಕುರಿಯೊಂದು ಸತ್ತು ಬಿದ್ದಿದ್ದನ್ನು ಕಂಡ ಪ್ರವಾದಿವರ್ಯರು(ಸ), ಅದರ ಚರ್ಮವನ್ನೇಕೆ ಬಳಸಲಿಲ್ಲ ಎಂದು ಕೇಳಿದ ಪ್ರಸಂಗ ಹದೀಸ್‌ನಲ್ಲಿದೆ. ಸತ್ತ ಪ್ರಾಣಿಯನ್ನು ತಿನ್ನುವುದಷ್ಟೇ ನಿಷಿದ್ಧವೆಂದು ಅವರು ತಿಳಿಸಿದರು. ಸಿಪ್ಪೆಯ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ಬೇಕೆ?

ಆದರೆ ನನ್ನ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಪೊರೆಯ ಎಳೆಗಳು ಒಂದಕ್ಕೊಂದು ಗಂಟು ಬಿದ್ದಿರುವುದರಿಂದ ನೀರಿನಲ್ಲಿ ಕರಗುವುದಿಲ್ಲ. ಅವನ್ನು ಬಿಡಿಸಲು ಆಮ್ಲದ ಜೊತೆಗೆ ಹಲವೊಮ್ಮೆ ಪೆಪ್ಸಿನ್ ಎಂಬ ಜೀರ್ಣರಸವನ್ನು ಬಳಸುತ್ತಾರೆ. ಪೆಪ್ಸಿನ್ ಮಾರುಕಟ್ಟೆಗೆ ಬರುವುದು ಸಾಮಾನ್ಯವಾಗಿ ಹಂದಿಯ ಜಠರದ ಒಳಪದರದಿಂದ! ಹಂದಿಯನ್ನು ಬಿಟ್ಟು ಹೊರಟವನು ಅದರ ಹೊಟ್ಟೆಯ ಬಾಗಿಲಿಗೇ ಬಂದು ನಿಂತಿದ್ದೆ.

ವಸ್ತುವಿನ ಸ್ವರೂಪವೇ ಬದಲಾದರೆ ಅದರ ವಿಧಿಯೂ ಬದಲಾಗುತ್ತದೆಯೇ ಎಂದು ಫಿಕ್ಹ್ ಪಂಡಿತರು ಶತಮಾನಗಳಿಂದ ಚರ್ಚಿಸಿದ್ದಾರೆ. ಉಪ್ಪಿನ ಗಣಿಗೆ ಬಿದ್ದು ಉಪ್ಪೇ ಆಗಿಹೋದ ಕತ್ತೆ ಹನಫಿಗಳ ಪ್ರಸಿದ್ಧ ಉದಾಹರಣೆ. ಆ ಉಪ್ಪು ಶುದ್ಧ ಎನ್ನುತ್ತಾರೆ. ಶಾಫಿಈಗಳು ಇದಕ್ಕೆ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಬಯಲುಸೀಮೆಯ ನಮ್ಮಂಥ ಉರ್ದು ಮನೆಗಳವರು ಹೆಚ್ಚಾಗಿ ಹನಫಿಗಳು, ಕರಾವಳಿಯ ಬ್ಯಾರಿ ಸೋದರರು ಶಾಫಿಈಗಳು. ಒಂದೇ ಮಾತ್ರೆಗೆ ಎರಡು ಉತ್ತರ ಬಂದರೂ ಆಶ್ಚರ್ಯವಿಲ್ಲ. ಪಪ್ಪಾಯಿಯ ಪಪೈನ್‌ನಂಥ ಬೇರೆ ಕಿಣ್ವಗಳೂ ಇವೆ. ಕೊಳ್ಳುವವರು ಕೇಳಿದರೆ ತಯಾರಕರು ದಾರಿ ಹುಡುಕಿಯಾರು.

ನನ್ನನ್ನು ಕಾಡುತ್ತಿರುವುದು ಮಾತ್ರ ಬೇರೆಯೇ. ಹಿಂದೊಮ್ಮೆ ಕತೆಗಾಗಿ ಹ್ಯಾಚರಿಯೊಂದನ್ನು ನೋಡಲು ಹೋಗಿದ್ದೆ. ಮೊಟ್ಟೆಯಿಡುವ ತಳಿಯ ಮರಿಗಳನ್ನು ಹುಟ್ಟಿದ ದಿನವೇ ಹೆಣ್ಣು, ಗಂಡು ಎಂದು ಬೇರ್ಪಡಿಸುತ್ತಿದ್ದರು. ಗಂಡು ಮೊಟ್ಟೆಯಿಡುವುದಿಲ್ಲ, ಮೈಯಲ್ಲಿ ಮಾಂಸವೂ ಕಡಿಮೆ. ಕೆಲವು ಬಣ್ಣ ಬಳಿಸಿಕೊಂಡು ಜಾತ್ರೆಗೆ ಹೋಗುತ್ತವೆ, ಉಳಿದವನ್ನು ಅಂದೇ ಕೊಲ್ಲುತ್ತಾರೆ. ಜರ್ಮನಿ 2022ರಿಂದ ಇದನ್ನು ನಿಷೇಧಿಸಿತು. ಸಿಪ್ಪೆ ಕೊಡುವ ಪ್ರತಿ ಕೋಳಿಗೂ ಹೆಚ್ಚುಕಡಿಮೆ ಒಬ್ಬ ಅಣ್ಣನೋ ತಮ್ಮನೋ ಹೀಗೆ ಹೋಗಿರುತ್ತಾನೆ.

ಹದೀಸ್‌ನ ಕುರಿ ತಾನಾಗಿ ಸತ್ತಿತ್ತು. ಇಲ್ಲಿ ಮರಿಯನ್ನು ಸಿಪ್ಪೆಗಾಗಿ ಕೊಂದಿಲ್ಲ, ನಿಜ. ಬೆಳಗಿನ ಆಮ್ಲೆಟ್‌ಗಾಗಿ ಕೊಂದದ್ದು, ಅದನ್ನು ನಾನೂ ತಿನ್ನುತ್ತೇನೆ. ಕಸವೂ ಕಾಸಾದರೆ ಲಾಭ ಅದೇ ಉದ್ಯಮಕ್ಕೆ ಸೇರುತ್ತದೆ. ಹಾಗೆಂದು ಸಿಪ್ಪೆಯನ್ನು ತಿಪ್ಪೆಗೆ ಹಾಕಿದರೆ ಮರಿಯೇನೂ ಬದುಕುವುದಿಲ್ಲ. ಕುರ್‌ಆನ್ 'ಹಲಾಲ್' ಎಂಬ ಪದದ ಪಕ್ಕದಲ್ಲೇ 'ತಯ್ಯಿಬ್', ಅಂದರೆ ಒಳ್ಳೆಯದು, ಎಂಬುದನ್ನೂ ಇಟ್ಟಿದೆ. ಪೆಪ್ಸಿನ್ ಕುರಿತು ಮುಫ್ತಿಗಳ ಬಳಿಗೆ ಓಡುವ ನಾವು ಈ ಎರಡನೆಯ ಪದವನ್ನು ಹಿಡಿದು ಯಾರ ಬಳಿಗೂ ಹೋದವರಲ್ಲ. ನಾನಂತೂ ಹೋಗಿಲ್ಲ.

ಇದನ್ನೆಲ್ಲ ಅಮ್ಮಿಗೆ ಹೇಳಿದೆ. ಹಂದಿಯ ಮಾತು ಬಂದಾಗ ಮುಖ ಸಿಂಡರಿಸಿದರು, ಕತ್ತೆಯ ಕತೆಗೆ ನಕ್ಕರು. ಕೊನೆಗೆ ಮಂಡಿಗೆ ಎಳ್ಳೆಣ್ಣೆ ತಿಕ್ಕಿಕೊಳ್ಳುತ್ತಾ, "ಆ ಮರಿಗಳನ್ನು... ಅವು ಸಿಪ್ಪೆ ಒಡೆದು ಹೊರಗೆ ಬಂದ ಮೇಲಾ?" ಎಂದು ಕೇಳಿದರು.

ಹೌದು ಎಂದೆ.