ಪ್ರಥಮ ಪ್ರಯತ್ನದ ಧರ್ಮ

ಅರಿತ ಮೇಲೆ ಮಾಡಬೇಕೋ, ಮಾಡಿದ ಮೇಲೆ ಅರಿಯಬೇಕೋ ಎಂಬುದು ಹಳೆಯ ಪ್ರಶ್ನೆ. ಅರಿಯದೆ ಮಾಡಿದ ಕೆಲಸವು ಕೆಡುವುದು. ಮಾಡದೆ ಕುಳಿತವನಿಗೆ ಅರಿವು ಬಾರದು. ಒಂದು ಇನ್ನೊಂದನ್ನು ಆಶ್ರಯಿಸಿ, ಆ ಇನ್ನೊಂದು ಮೊದಲಿನದನ್ನೇ ಆಶ್ರಯಿಸಿದರೆ ಎರಡೂ ನಿಲ್ಲಲಾರವೆಂದು ತಾರ್ಕಿಕರು ಹೇಳುವರು. ಅದಕ್ಕೆ ಅನ್ಯೋನ್ಯಾಶ್ರಯ ದೋಷವೆಂದು ಹೆಸರು. ಆದರೂ ಲೋಕದಲ್ಲಿ ಕಮ್ಮಾರನಿದ್ದಾನೆ, ನೇಕಾರನಿದ್ದಾನೆ, ವೈದ್ಯನಿದ್ದಾನೆ. ಅವರಲ್ಲಿ ಪ್ರತಿಯೊಬ್ಬನಿಗೂ ಒಂದು ಮೊದಲ ದಿನವಿತ್ತು. ಆ ದಿನ, ಪಳಗದ ಕೈಯನ್ನು ವಸ್ತುವಿನ ಮೇಲೆ ಇಡುವ ಅಧಿಕಾರವು ಅವನಿಗೆ ಎಲ್ಲಿಂದ ಬಂದಿತು? ಈ ವಿಷಯವನ್ನು ವಾಚಕರ ಮುಂದೆ ಕಿಂಚಿತ್ ವಿಚಾರಿಸಬೇಕೆಂದಿದ್ದೇನೆ.

ಪ್ರಶ್ನೆಯನ್ನು ನನ್ನ ಮುಂದೆ ತಂದಿಟ್ಟವನು ನಮ್ಮ ಶಾಲೆಯಲ್ಲಿ ಓದಿ ಈಗ ಅಮೆರಿಕೆಯ ಮಿಶಿಗನ್ ರಾಜ್ಯದಲ್ಲಿ ನೆಲೆಸಿರುವ ಶಿಷ್ಯನೊಬ್ಬನು. ಆತನ ವೃತ್ತಿ ಗಣಕಯಂತ್ರದ್ದು. 1970ರ ದಶಕದ ಹಳೆಯ ಷೆವರ್ಲೆ ಕಾರೊಂದನ್ನು ಆತನು ಕೊಂಡನು. ಅದರ ಸ್ವಯಂಚಾಲಿತ ಗೇರುಪೆಟ್ಟಿಗೆ ಕೆಟ್ಟಿತ್ತು. ಅದನ್ನು ಮನೆಯ ಗ್ಯಾರೇಜಿನಲ್ಲಿ ತಾನೇ ಬಿಚ್ಚಿ ಕಟ್ಟಲು ಆತನು ಮನಸ್ಸು ಮಾಡಿದನು. ಹದಿನಾರು ವರುಷದ ಮಗನು ಜೊತೆಗೆ ನಿಂತನು. ಮುಂದೆ ಆ ಕಾರನ್ನು ನಡೆಸತಕ್ಕವನೂ ಅವನೇ. "ಗುರುಗಳೇ, ಪುಸ್ತಕ ಓದಿದ್ದೇನೆ, ಕೈ ಪಳಗಿಲ್ಲ. ನಾನು ಕಟ್ಟಿದ್ದನ್ನು ನಂಬಿ ಮಗನನ್ನು ಕೂರಿಸುವುದು ಸರಿಯೇ?" ಎಂದು ದೂರವಾಣಿಯಲ್ಲಿ ಕೇಳಿದನು. ವಸ್ತುವು ಯಂತ್ರವಾದರೂ ಪ್ರಶ್ನೆಯು ಧರ್ಮಕ್ಕೆ ಸೇರಿದ್ದು.

ಉತ್ತರ ಹೇಳುವ ಮುನ್ನ ವಸ್ತುವಿನ ಸ್ವರೂಪವನ್ನು ತಿಳಿಯಬೇಕು. ಬಸ್ಸಿನ ಚಾಲಕನು ಕಾಲಿನಿಂದ ಕ್ಲಚ್ಚನ್ನು ತುಳಿದು ಕೈಯಿಂದ ಗೇರನ್ನು ಬದಲಿಸುವುದನ್ನು ಎಲ್ಲರೂ ಕಂಡಿದ್ದೇವೆ. ಈ ಎರಡು ಕೆಲಸಗಳನ್ನೂ ಯಂತ್ರವೇ ಮಾಡಿಕೊಳ್ಳುವಂತೆ ಜನರಲ್ ಮೋಟಾರ್ಸ್ ಸಂಸ್ಥೆಯು ಹೈಡ್ರಾಮ್ಯಾಟಿಕ್ ಎಂಬ ಗೇರುಪೆಟ್ಟಿಗೆಯನ್ನು 1939ರಲ್ಲಿ ಹೊರತಂದು, 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಅಳವಡಿಸಿತು. ಶಿಷ್ಯನ ಕಾರಿನಲ್ಲಿ ಇದ್ದದ್ದು ಅದೇ ಸಂಸ್ಥೆಯು 1969ರ ಮಾದರಿಗಳಿಗೆ ತಂದ ಟರ್ಬೊ ಹೈಡ್ರಾಮ್ಯಾಟಿಕ್ 350. ಮುಂದಕ್ಕೆ ಮೂರು ಗೇರು, ಹಿಂದಕ್ಕೆ ಒಂದು. ಇಂದಿನ ಪೆಟ್ಟಿಗೆಗಳಂತೆ ಅದಕ್ಕೆ ಗಣಕದ ಆಳ್ವಿಕೆಯಿಲ್ಲ. ಎಣ್ಣೆಯ ಒತ್ತಡವೇ ಎಲ್ಲವನ್ನೂ ನಡೆಸುತ್ತದೆ. ಆದುದರಿಂದಲೇ ಆ ದೇಶದಲ್ಲಿ ಮನೆಯಲ್ಲಿ ಮೊದಲ ಬಾರಿ ಇಂತಹ ಕೆಲಸಕ್ಕೆ ಕೈಹಾಕುವ ಅನೇಕರು ಇದನ್ನು ಆರಿಸಿಕೊಳ್ಳುತ್ತಾರೆ.

ಅದರ ಗರ್ಭದಲ್ಲಿ ನಡುವೆ ಸೂರ್ಯಚಕ್ರ, ಅದರ ಸುತ್ತ ಗ್ರಹಚಕ್ರಗಳು, ಅವುಗಳ ಹೊರಗೆ ಒಳಹಲ್ಲಿನ ಬಳೆ. ಇಂತಹ ಎರಡು ಮಂಡಲಗಳಿಗೆ ಸೂರ್ಯಚಕ್ರವು ಒಂದೇ. ಹಲ್ಲುಗಳು ಸದಾ ಕೂಡಿಕೊಂಡೇ ಇರುತ್ತವೆ. ಯಾವುದನ್ನು ಹಿಡಿದು ನಿಲ್ಲಿಸಿ ಯಾವುದನ್ನು ತಿರುಗಲು ಬಿಡುತ್ತೇವೆ ಎಂಬುದರಿಂದ ಗೇರು ಬದಲಾಗುತ್ತದೆ. ಹಿಡಿಯುವ ಕೆಲಸವು ಮುಖ್ಯವಾಗಿ ಕ್ಲಚ್ಚುಗಳದ್ದು. ಉಕ್ಕಿನ ಬಿಲ್ಲೆ, ಘರ್ಷಣೆಯ ಬಿಲ್ಲೆ, ಹೀಗೆ ಒಂದರ ಮೇಲೊಂದು ಜೋಡಿಸಿರುತ್ತವೆ. ಎಣ್ಣೆಯ ಒತ್ತಡವು ಪಿಸ್ಟನ್ನನ್ನು ತಳ್ಳಿದಾಗ ಅವು ಒತ್ತಿಕೊಂಡು ಒಂದಾಗಿ ತಿರುಗುತ್ತವೆ.

ಈಗ ಪೂರ್ವಪಕ್ಷವನ್ನು ಕೇಳೋಣ. ವರುಷಗಟ್ಟಲೆ ದುಡಿದು ಕಲಿತ ಮಿಸ್ತ್ರಿಯ ಕೆಲಸವನ್ನು ಒಂದು ಪುಸ್ತಕ ಓದಿ ಮಾಡುತ್ತೇನೆಂಬುದು ಆ ವಿದ್ಯೆಗೆ ತೋರಿದ ಅಗೌರವ. ಅದಕ್ಕೂ ಮಿಗಿಲಾಗಿ, ಕಾರು ಹತ್ತು ಜನರ ರಸ್ತೆಯಲ್ಲಿ ಓಡತಕ್ಕದ್ದು. ನಿಂತ ಕಾರು ಉರುಳದಂತೆ ಹಿಡಿಯುವ ಕೊಂಡಿಯೂ ಈ ಪೆಟ್ಟಿಗೆಯೊಳಗೇ ಇದೆ. ಅದು ಹಿಡಿಯದೆ ಹೋದರೆ ಇಳಿಜಾರಿನಲ್ಲಿ ನಿಂತ ಗಾಡಿಯು ಯಾರದೋ ಮಗುವಿನ ಮೇಲೆ ಹರಿಯಬಹುದು. ತನ್ನ ಕಲಿಕೆಯ ಬೆಲೆಯನ್ನು ಪರರಿಂದ ತೆರಿಸುವುದು ಅಧರ್ಮ. ಈ ವಾದವು ಬಲವಾದದ್ದು, ನಕ್ಕು ತಳ್ಳುವಂತಹದಲ್ಲ.

ಆದರೆ ಈ ವಾದವು ಯಾವುದನ್ನು ನಿಷೇಧಿಸುತ್ತದೆ ಎಂಬುದನ್ನು ನೋಡಬೇಕು. ಪರೀಕ್ಷೆಗೆ ಒಳಗಾಗದ ಕಲಿಕೆಯನ್ನು ಪರರ ಮೇಲೆ ಹೊರಿಸಬಾರದು, ಇಷ್ಟೇ ಅದರ ತಾತ್ಪರ್ಯ. ಗ್ಯಾರೇಜಿನ ಮೇಜಿನ ಮೇಲೆ ಬಿಚ್ಚಿಟ್ಟ ಪೆಟ್ಟಿಗೆಯಿಂದ ಯಾರಿಗೂ ಹಾನಿಯಿಲ್ಲ. ಬಿಚ್ಚುವುದಕ್ಕೂ ರಸ್ತೆಗೆ ಇಳಿಸುವುದಕ್ಕೂ ನಡುವೆ ಬಹಳ ಅಂತರವಿದೆ. ಆ ಅಂತರದಲ್ಲಿ ಮನುಷ್ಯನು ಹೇಗೆ ನಡೆದುಕೊಳ್ಳುವನೋ ಅದರಿಂದ ಅವನಿಗೆ ಅಧಿಕಾರವು ಬರುವುದು ಅಥವಾ ಬಾರದಿರುವುದು. ಅರಿವು ಒಂದೇ ಸಲ ಇಡಿಯಾಗಿ ದೊರೆಯುವ ವಸ್ತುವಲ್ಲ. ಒಂದು ಸಣ್ಣ ಕೃತಿಯಿಂದ ಒಂದು ಸಣ್ಣ ಅರಿವು. ಆ ಅರಿವಿನಿಂದ ಮುಂದಿನ ಕೃತಿ. ಹೀಗೆ ನೋಡಿದರೆ ಅನ್ಯೋನ್ಯಾಶ್ರಯವೆಂದು ತೋರಿದ್ದು ಬೀಜಾಂಕುರ ನ್ಯಾಯವಾಗುತ್ತದೆ. ಬೀಜದಿಂದ ಮೊಳಕೆ, ಮೊಳಕೆ ಬೆಳೆದು ಮತ್ತೆ ಬೀಜ, ಇದರಲ್ಲಿ ದೋಷವಿಲ್ಲ.

ಹಾಗಾದರೆ ಹೊಸಬನು ಪಾಲಿಸತಕ್ಕ ನಿಯಮಗಳಾವುವು? ಮೊದಲನೆಯದು, ಕ್ರಮದ ಸ್ಮರಣೆ. ಬಿಚ್ಚಿದ ಪ್ರತಿಯೊಂದು ಭಾಗವನ್ನೂ ಬಿಚ್ಚಿದ ಅನುಕ್ರಮದಲ್ಲಿ, ಯಾವ ಮುಖ ಮೇಲಿತ್ತೆಂಬುದನ್ನು ಗುರುತುಮಾಡಿ ಇಡಬೇಕು. ಹೊಸ ಭಾಗವು ಕೂಡುವವರೆಗೆ ಹಳೆಯದನ್ನು ಎಸೆಯಬಾರದು. ಒರೆಸಲು ಎಳೆ ಬಿಡುವ ಬಟ್ಟೆ ಸಲ್ಲದು. ಒಂದು ನೂಲೆಳೆಯು ವಾಲ್ವಿನೊಳಗೆ ಸಿಕ್ಕಿಕೊಂಡರೆ ಸಾಕು, ವಾಲ್ವು ಅಲುಗದು. ವಾಷರು ಜಾರದಂತೆ ಅಂಟಿಸಲು ಗಟ್ಟಿ ಗ್ರೀಸನ್ನು ಬಳಸಬಾರದು. ಎಣ್ಣೆಯಲ್ಲಿ ಕರಗಿಹೋಗುವ ವ್ಯಾಸಲೀನನ್ನು ಬಳಸಬೇಕು.

ಎರಡನೆಯದು, ಕಾರಣದ ಶೋಧನೆ. ಶಿಷ್ಯನ ಪೆಟ್ಟಿಗೆಯ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿತ್ತು. ಒಂದು ಕ್ಲಚ್ಚಿನ ಬಿಲ್ಲೆಗಳು ಕರಿಕಾಗಿದ್ದವು. ಬಿಲ್ಲೆ ಸುಟ್ಟಿದೆ, ಹೊಸ ಬಿಲ್ಲೆ ಹಾಕೋಣ ಎಂದು ತೃಪ್ತನಾಗುವವನು ಕಾರ್ಯವನ್ನು ಕಂಡು ಕಾರಣವನ್ನು ಬಿಟ್ಟನು. ಬಿಲ್ಲೆಯು ತಾನಾಗಿ ಸುಡುವುದಿಲ್ಲ. ಆತನ ಪೆಟ್ಟಿಗೆಯಲ್ಲಿ ಪಿಸ್ಟನ್ನಿನ ರಬ್ಬರು ಸೀಲು ವಯಸ್ಸಿನಿಂದ ಗಡುಸಾಗಿತ್ತು, ಒತ್ತಡ ಸೋರಿತು, ಅರ್ಧ ಹಿಡಿದ ಬಿಲ್ಲೆಗಳು ಜಾರುತ್ತ ಕಾದವು, ಕಾದು ಸುಟ್ಟವು. ಸೀಲನ್ನು ಬದಲಿಸದೆ ಹಾಕಿದ ಹೊಸ ಬಿಲ್ಲೆಗೂ ಅದೇ ಗತಿ. ನಮ್ಮ ಮನೆಗಳ ಜಗಳದಲ್ಲಿಯೂ ಸುಟ್ಟದ್ದು ಕಣ್ಣಿಗೆ ಬೀಳುವುದು, ಸೋರಿದ್ದು ಬೀಳದು.

ಮೂರನೆಯದು, ಮುಚ್ಚುವ ಮುನ್ನ ಪರೀಕ್ಷೆ. ಎಣ್ಣೆ ಹರಿಯುವ ದಾರಿಯಲ್ಲಿ ಗಾಳಿಯನ್ನು ಹದವಾದ ಒತ್ತಡದಲ್ಲಿ ಹಾಯಿಸಿದರೆ ಕ್ಲಚ್ಚು ಧಪ್ಪೆಂದು ಹಿಡಿಯಬೇಕು. ಬುಸ್ಸೆಂದು ಗಾಳಿ ಸೋರಿದರೆ, ಕೂರಿಸುವಾಗ ಸೀಲಿನ ಅಂಚು ಹರಿದಿದೆ ಅಥವಾ ಮಡಿಚಿದೆ ಎಂದು ಶಂಕಿಸಿ ಮತ್ತೆ ಬಿಚ್ಚಬೇಕು.

ನಾಲ್ಕನೆಯದು, ಬಲಪ್ರಯೋಗದ ನಿಷೇಧ. ಎಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವೆ ಟಾರ್ಕ್ ಕನ್ವರ್ಟರೆಂಬ ದುಂಡನೆಯ ಪಾತ್ರೆಯಿದೆ. ಅದನ್ನು ಮೆಲ್ಲನೆ ತಿರುಗಿಸುತ್ತ ಒಳಕ್ಕೆ ಒತ್ತಿದರೆ ಅದು ಒಂದಾದ ಮೇಲೊಂದು ಜಾಗದಲ್ಲಿ ಕೂಡಿಕೊಂಡು, ಕೊನೆಗೆ ಪಂಪಿನ ಗೇರಿನಲ್ಲಿ ಕೂರುತ್ತದೆ. ಪೂರ್ತಿ ಕೂಡದಿದ್ದರೆ ಗೇರುಪೆಟ್ಟಿಗೆಯು ಎಂಜಿನ್ನಿಗೆ ತಾಗದೆ ಸ್ವಲ್ಪ ಸಂದು ಉಳಿಯುವುದು. ಬೋಲ್ಟುಗಳನ್ನು ಬಿಗಿದು ಆ ಸಂದನ್ನು ಮುಚ್ಚಿಬಿಡಬಹುದು. ಸಂದು ಮುಚ್ಚುವುದು, ಒಳಗೆ ಪಂಪು ಒಡೆಯುವುದು. ತಾಳ್ಮೆಯಿಂದ ಕೂಡಬೇಕಾದದ್ದನ್ನು ಬಲದಿಂದ ಕೂಡಿಸಿದರೆ ಹೊರಗೆ ಐಕ್ಯವೂ ಒಳಗೆ ಭಂಗವೂ ಆಗುವುದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕೆ?

ಐದನೆಯದು, ಮಾಡಿದ್ದನ್ನು ಮತ್ತೆ ಬಿಚ್ಚುವ ಸಿದ್ಧತೆ. ಇದೇ ಎಲ್ಲಕ್ಕಿಂತ ಕಠಿಣವಾದದ್ದು. ಪೆಟ್ಟಿಗೆಯನ್ನು ಕಾರಿಗೆ ಕೂಡಿಸಿ, ತಳದ ತಟ್ಟೆಯ 13 ಬೋಲ್ಟುಗಳನ್ನು ಬಿಗಿದು, ಎಣ್ಣೆ ತುಂಬಿಸಿದ ಮರುದಿನ ಗ್ಯಾರೇಜು ಗುಡಿಸುತ್ತಿದ್ದ ಮಗನಿಗೆ ಮೇಜಿನ ಕೆಳಗೆ ಒಂದು ಸಣ್ಣ ಉಕ್ಕಿನ ಗುಂಡು ಸಿಕ್ಕಿತು. "ಅಪ್ಪಾ, ಇದು ಎಲ್ಲಿಯದು?" ಎಂದು ಕೇಳಿದನು. ವಾಲ್ವುಗಳಿರುವ ಭಾಗದಲ್ಲಿ ಎಣ್ಣೆಯ ದಾರಿಯನ್ನು ತಡೆದು ಬಿಡುವ ಇಂತಹ ನಾಲ್ಕು ಗುಂಡುಗಳಿರುತ್ತವೆ. ಬಿಡಿಭಾಗಗಳ ಪೊಟ್ಟಣದಲ್ಲಿ ಒಂದು ಹೆಚ್ಚಿಗೆ ಬಂದಿರಬಹುದೆಂದು ಹೇಳಿದ್ದರೆ ಆ ಮಾತು ಸುಳ್ಳೆಂದು ಯಾರೂ ಹೇಳುವಂತಿರಲಿಲ್ಲ. ಕಾರು ಚಲಿಸಲೂ ಬಹುದಾಗಿತ್ತು. ಗೇರು ಬದಲಾಗುವಾಗಿನ ದೋಷವು ಬಹುದಿನಗಳ ಮೇಲೆ ಕ್ಲಚ್ಚನ್ನು ತಿನ್ನುತ್ತಿತ್ತು. ಆತನು ಏನನ್ನೂ ಹೇಳದೆ ಕಾರಿನಡಿ ಮಲಗಿ, ಎಣ್ಣೆಯನ್ನು ಇಳಿಸಿ, ತಟ್ಟೆಯನ್ನೂ ವಾಲ್ವಿನ ಭಾಗವನ್ನೂ ಬಿಚ್ಚಿದನು. ಮೂರು ಗುಂಡು ಸ್ವಸ್ಥಾನದಲ್ಲಿದ್ದವು. ನಾಲ್ಕನೆಯ ಜಾಗ ಬರಿದಾಗಿತ್ತು. ನಾಲ್ಕೂ ಇದ್ದಿದ್ದರೂ ಆ ದಿನದ ಶ್ರಮವು ವ್ಯರ್ಥವೆಂದು ನಾನು ಹೇಳಲಾರೆ. ಸಂಶಯವನ್ನು ಮುಚ್ಚಿಡುವುದು ಬೇರೆ, ಬಗೆಹರಿಸುವುದು ಬೇರೆ ಎಂಬ ಪಾಠವು ಮಗನಿಗೆ ಹೇಗೂ ದೊರೆಯುತ್ತಿತ್ತು.

ನಾನು ಆತನಿಗೆ ಹೇಳಿದ್ದು ಇಷ್ಟೇ: "ನೋಡಪ್ಪಾ, ಮಗನನ್ನು ಕೂರಿಸುವ ಮುನ್ನ ನೀನು ಕೂರು. ಚಕ್ರಗಳನ್ನು ನೆಲದಿಂದೆತ್ತಿ ನೋಡು; ಆಮೇಲೆ ಜನವಿಲ್ಲದ ದಾರಿಯಲ್ಲಿ ಮೆಲ್ಲನೆ ನಡೆಸು; ಇಳಿಜಾರಿನಲ್ಲಿ ಕಾಲು ಬ್ರೇಕಿನ ಮೇಲಿರಲಿ, ಕೊಂಡಿ ಹಿಡಿಯುವುದೋ ಪರೀಕ್ಷಿಸು. ನಿನ್ನ ಕೈಗೆ ಮೀರಿದ್ದನ್ನು ಅರಿತವನಿಗೆ ತೋರಿಸು." ಈ ಕೊನೆಯ ಮಾತನ್ನು ಆತನು ಮೊದಲೇ ಪಾಲಿಸಿದ್ದನು. ಟಾರ್ಕ್ ಕನ್ವರ್ಟರು ಬೆಸುಗೆ ಹಾಕಿ ಮುಚ್ಚಿದ ಪಾತ್ರೆಯಾದುದರಿಂದ ಅದನ್ನು ಮನೆಯಲ್ಲಿ ಬಿಚ್ಚುವಂತಿಲ್ಲ. ಹಳೆಯದನ್ನು ಕೊಟ್ಟು, ಕಾರ್ಖಾನೆಯಲ್ಲಿ ಸರಿಪಡಿಸಿದ್ದನ್ನು ತಂದಿದ್ದನು. ಇಷ್ಟೆಲ್ಲ ಮಾಡಿದವನು ಇನ್ನು ಮೇಲೆ ಯಾವ ಮಿಸ್ತ್ರಿಯ ಕೂಲಿಯಲ್ಲಿಯೂ ಚೌಕಾಸಿ ಮಾಡಲಾರನು. ಪೂರ್ವಪಕ್ಷವು ಭಯಪಟ್ಟ ಅಗೌರವವು ಗೌರವವಾಗಿ ತಿರುಗಿತು.

ಗೃಹಸ್ಥರಾದ ನಾವೆಲ್ಲರೂ ಯಾವುದಾದರೊಂದು ಕೆಲಸದಲ್ಲಿ ಹೊಸಬರೇ. ಮೊದಲ ಬೆಳೆ ಇಡುವ ರೈತನು, ಮೊದಲ ಮಗುವನ್ನು ಎತ್ತಿಕೊಂಡ ತಾಯಿ, ಮೊದಲ ದಿನ ತರಗತಿಗೆ ಹೋದ ಉಪಾಧ್ಯಾಯನು, ಇವರಲ್ಲಿ ಯಾರೂ ಪೂರ್ಣವಾಗಿ ಅರಿತು ತೊಡಗಿದವರಲ್ಲ. ಅರಿವಿಲ್ಲವೆಂದು ಹಿಂಜರಿಯುವುದು ವಿನಯವೆನಿಸದು. ಅನೇಕ ವೇಳೆ ಅದು ಆಲಸ್ಯದ ವೇಷ. ಅರಿವಿಲ್ಲದೆಯೇ ನುಗ್ಗುವುದು ಧೈರ್ಯವೆನಿಸದು; ಅದರ ಬೆಲೆಯನ್ನು ಬೇರೆಯವರು ತೆರುವರು. ಕ್ರಮವನ್ನು ನೆನೆದು, ಕಾರಣವನ್ನು ಹುಡುಕಿ, ಮುಚ್ಚುವ ಮುನ್ನ ಪರೀಕ್ಷಿಸಿ, ಬಲವನ್ನು ಹೇರದೆ, ತಪ್ಪಿನ ಸುಳಿವು ಸಿಕ್ಕಿದೊಡನೆ ಮತ್ತೆ ಬಿಚ್ಚುವವನಿಗೆ ಮೊದಲ ದಿನವೇ ಅಧಿಕಾರವುಂಟು. ಅಂತಹವನ ಕೈಯಲ್ಲಿ ಕೆಲಸವು ಕಾಯಕವಾಗುವುದು. ಇದನ್ನು ಪಾಲಿಸದವನಿಗೆ ನೂರನೆಯ ಸಲವೂ ಆ ಅಧಿಕಾರವಿಲ್ಲ.