ಇಂದಿನ ಧಮ್ಮಚಿಂತನೆ: ನೋಯುವ ಬೆನ್ನೂ ಧ್ಯಾನದ ಜಾಗವೇ





ಇವತ್ತಿನ ಮಾತನ್ನು ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ನಮ್ಮ ಭಾನುವಾರದ ಅಧ್ಯಯನಕ್ಕೆ ಚನ್ನಪಟ್ಟಣದ ಹಿರಿಯರೊಬ್ಬರು ಬರುತ್ತಿದ್ದರು. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಬೊಂಬೆಯ ಮರ ಕಡೆದ ಕೈ ಅವರದು. ಯಾವಾಗಲೂ ಕೊನೆಯ ಸಾಲಿನಲ್ಲಿ ಕೂರುವರು. ಹತ್ತು ನಿಮಿಷ ಆಗುವಷ್ಟರಲ್ಲಿ ಸೊಂಟ ಹಿಡಿದುಕೊಂಡು ಆ ಕಡೆ ಈ ಕಡೆ ಹೊರಳುವರು. ಒಂದು ದಿನ ನಾನು ಎಲ್ಲರ ಎದುರಿಗೇ, "ನೋವು ಬಂದರೆ ಬರಲಿ, ಅದೂ ಅನಿತ್ಯವೇ. ಅಲುಗಾಡಬೇಡಿ" ಎಂದುಬಿಟ್ಟೆ. ಆ ದಿನ ಗಂಟೆ ಬಾರಿಸುವವರೆಗೂ ಅವರು ಅಲುಗಲಿಲ್ಲ. ಏಳುವಾಗ ಇಬ್ಬರು ಕೈ ಹಿಡಿಯಬೇಕಾಯಿತು. ಆಮೇಲೆ ಮೂರು ಭಾನುವಾರ ಅವರು ಬರಲೇ ಇಲ್ಲ. ಫೋನ್ ಮಾಡಿದರೆ, "ಧ್ಯಾನ ನಮ್ಮಂಥೋರಿಗಲ್ಲ ಬಿಡಿ ಸ್ವಾಮಿ. ಬಗ್ಗಿ ಬಗ್ಗಿ ಮರ ಕಡೆದ ಬೆನ್ನು ಇದು, ನೆಟ್ಟಗೆ ಕೂರಲ್ಲ" ಎಂದರು.

ಆ ರಾತ್ರಿ ಸತಿಪಟ್ಠಾನ ಸುತ್ತವನ್ನು ತೆಗೆದು ಓದಿದೆ. ಎಷ್ಟೋ ಸಲ ಓದಿದ ಸುತ್ತವೇ. ಆದರೆ ಆ ರಾತ್ರಿ ಒಂದು ಹೋಲಿಕೆ ಕಣ್ಣಿಗೆ ಹೊಡೆಯಿತು.

*ಬುದ್ಧರು ಆರಿಸಿಕೊಂಡ ಕುಶಲಕರ್ಮಿ*

ಕುರುನಾಡಿನ ಕಮ್ಮಾಸಧಮ್ಮದಲ್ಲಿ ಬುದ್ಧರು ಈ ಸುತ್ತವನ್ನು ಬೋಧಿಸಿದರು. ಉಸಿರನ್ನು ಹೇಗೆ ಅರಿಯಬೇಕು ಎಂದು ಹೇಳುವಾಗ ಅವರು ರಾಜನನ್ನೋ ಋಷಿಯನ್ನೋ ಉದಾಹರಣೆಗೆ ತರಲಿಲ್ಲ. ಮರ ಕಡೆಯುವವನನ್ನು ತಂದರು. ನುರಿತ ಕಡೆಯುವವನಾಗಲಿ ಅವನ ಬಳಿ ಕಲಿಯುವ ಹುಡುಗನಾಗಲಿ, ಉದ್ದಕ್ಕೆ ಎಳೆಯುವಾಗ ಉದ್ದಕ್ಕೆ ಎಳೆಯುತ್ತಿದ್ದೇನೆ ಎಂದು ಅರಿತಿರುತ್ತಾನೆ, ಗಿಡ್ಡಕ್ಕೆ ಎಳೆಯುವಾಗ ಅದನ್ನೂ ಅರಿತಿರುತ್ತಾನೆ. ಸಾಧಕ ತನ್ನ ಉಸಿರನ್ನು ಹಾಗೆ ಅರಿಯಬೇಕು ಎಂಬುದು ಅವರ ಮಾತಿನ ತಾತ್ಪರ್ಯ.

ಬಂಧುಗಳೇ, ಈ ಹೋಲಿಕೆಯನ್ನು ಪುಸ್ತಕ ನೋಡಿ ಕಲಿಯಬೇಕಾದ ಊರು ನಮ್ಮದಲ್ಲ. ಹಾಲೆ ಮರದ ತುಂಡು ಗರಗರ ತಿರುಗುವುದು, ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಬಣ್ಣ ಕರಗಿ ಮರಕ್ಕೆ ಹತ್ತುವುದು, ಆಮೇಲೆ ಗರಿ ಹಿಡಿದು ಹೊಳಪು ಕೊಡುವುದು, ಇದನ್ನೆಲ್ಲ ಚನ್ನಪಟ್ಟಣದ ಮಕ್ಕಳೂ ನೋಡಿದ್ದಾರೆ. ಈಗ ಕರೆಂಟಿನ ಲೇತ್ ಬಂದಿದೆ. ಹಿಂದೆ ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಬಿಲ್ಲು ಎಳೆಯುತ್ತ ಇನ್ನೊಂದು ಕೈಯಲ್ಲಿ ಉಳಿ ಹಿಡಿಯುತ್ತಿದ್ದರು. ಬುದ್ಧರು ಯಾರ ಕೆಲಸವನ್ನು ಉಸಿರಿನ ಧ್ಯಾನಕ್ಕೆ ಮಾದರಿ ಮಾಡಿದರೋ, ಅಂಥವರೊಬ್ಬರನ್ನು ನಾನು ಧ್ಯಾನದಿಂದ ಎಬ್ಬಿಸಿ ಮನೆಗೆ ಕಳಿಸಿದ್ದೆ.

*ಉಸಿರು ಎಲ್ಲಿ ನಡೆಯುತ್ತದೆ?*

ಉಸಿರು ಎಂದರೆ ನಾವು ಮೂಗಿನ ತುದಿ ಎನ್ನುತ್ತೇವೆ. ಆದರೆ ಗಾಳಿಯನ್ನು ಒಳಗೆ ಎಳೆಯುವುದು ಮೂಗಲ್ಲ, ಎದೆಗೂಡು. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಇದೂ ಕಾಯಾನುಪಸ್ಸನೆಯೇ.

ನಮಗೆ 12 ಜೊತೆ ಪಕ್ಕೆಲುಬುಗಳಿವೆ. ಪ್ರತಿಯೊಂದೂ ಹಿಂದೆ ಬೆನ್ನುಮೂಳೆಗೆ ಕೀಲಿನಿಂದ ಸೇರಿದೆ. ಮುಂದೆ, ಮೇಲಿನ 7 ಜೊತೆ ಮೃದ್ವಸ್ಥಿಯ ಮೂಲಕ ನೇರವಾಗಿ ಎದೆಮೂಳೆಗೆ ಸೇರುತ್ತವೆ. ಆಮೇಲಿನ 3 ಜೊತೆ ತಮ್ಮ ಮೇಲಿನ ಪಕ್ಕೆಲುಬಿನ ಮೃದ್ವಸ್ಥಿಗೆ ಆತುಕೊಳ್ಳುತ್ತವೆ. ಕೊನೆಯ 2 ಜೊತೆಗೆ ಮುಂದೆ ಯಾವ ಆಸರೆಯೂ ಇಲ್ಲ. ಉಸಿರು ತೆಗೆದುಕೊಂಡಾಗ ಮೇಲಿನ ಪಕ್ಕೆಲುಬುಗಳು ಎದೆಮೂಳೆಯನ್ನು ಮುಂದಕ್ಕೂ ಮೇಲಕ್ಕೂ ಎತ್ತುತ್ತವೆ, ಬೋರ್‌ವೆಲ್ ಕೈಪಂಪಿನ ಹಿಡಿ ಎದ್ದ ಹಾಗೆ. ಕೆಳಗಿನವು ಪಕ್ಕಕ್ಕೆ ಅರಳುತ್ತವೆ, ಮಲಗಿದ್ದ ಬಕೆಟ್ ಹಿಡಿಯನ್ನು ಎತ್ತಿದ ಹಾಗೆ. ಪಕ್ಕೆಲುಬುಗಳ ನಡುವೆ ಓರೆಯಾಗಿ ಹೆಣೆದ ಸ್ನಾಯುಗಳು ಈ ಕೆಲಸಕ್ಕೆ ಕೈಗೂಡಿಸುತ್ತವೆ.

ಎಲ್ಲಕ್ಕಿಂತ ಹೆಚ್ಚು ದುಡಿಯುವುದು ವಪೆ. ಎದೆಗೂ ಹೊಟ್ಟೆಗೂ ನಡುವೆ ಕವುಚಿಟ್ಟ ಬಟ್ಟಲಿನಂಥ ಸ್ನಾಯು ಅದು. ಉಸಿರು ಎಳೆದಾಗ ಕೆಳಗೆ ಇಳಿಯುತ್ತದೆ, ಬಿಟ್ಟಾಗ ಮೇಲೆ ಏರುತ್ತದೆ. ಈ ವಪೆಗೆ ಹಿಂಬದಿಯಲ್ಲಿ ಎರಡು ಕಾಲುಗಳಿವೆ. ಅವು ಸೊಂಟದ ಮೇಲ್ಭಾಗದ ಕಶೇರುಗಳಿಗೆ ಅಂಟಿಕೊಂಡಿವೆ. ಅಂದರೆ ನಮ್ಮ ಪ್ರತಿ ಉಸಿರೂ ಸೊಂಟಕ್ಕೆ ಕಟ್ಟಿದೆ. ನಿಮಿಷಕ್ಕೆ 15 ಉಸಿರಿನ ಲೆಕ್ಕ ಹಿಡಿದರೂ ದಿನಕ್ಕೆ 21,600 ಸಲ ಈ ಕೀಲುಗಳೆಲ್ಲ ಅಲುಗುತ್ತವೆ. ನಾವು "ಅಲುಗದೆ ಕೂತೆ" ಎಂದುಕೊಂಡ ಹೊತ್ತಿನಲ್ಲೂ ಬೆನ್ನು ಅಲುಗುತ್ತಲೇ ಇದೆ. ಹಾಗಾಗಿ ಸೊಂಟ ನೋಯುವವನಿಗೆ ಉಸಿರು ನೋಡುವುದು ಕಷ್ಟ. ನಾನು ಇದನ್ನು ತಿಳಿಯದೆ ಅವರಿಗೆ ಛಲ ಸಾಲದು ಅಂದುಕೊಂಡಿದ್ದೆ.

*ಮೂವತ್ತೆರಡರಲ್ಲಿ ಒಂದು: ನಹಾರು*

ದೇಹದ 32 ಭಾಗಗಳ ಪಟ್ಟಿಯನ್ನು ನಾವು ಪಠಿಸುತ್ತೇವೆ. ಅದರಲ್ಲಿ ಚರ್ಮ ಆದ ಮೇಲೆ ಮಂಸ, ನಹಾರು, ಅಟ್ಠಿ ಬರುತ್ತವೆ. ಇಲ್ಲೊಂದು ಮಾತಿನ ತೊಡಕಿದೆ. ನಹಾರು ಅಂದರೆ ಸಂಸ್ಕೃತದ ಸ್ನಾಯು. ಇವತ್ತಿನ ಕನ್ನಡ ಪಾಠಪುಸ್ತಕದಲ್ಲಿ ಸ್ನಾಯು ಎಂದರೆ ಮಾಂಸಖಂಡ. ಪಟ್ಟಿಯಲ್ಲಿ ಮಾಂಸ ಬೇರೆ, ನಹಾರು ಬೇರೆ. ಮೂಳೆಗೆ ಮೂಳೆಯನ್ನು, ಮೂಳೆಗೆ ಮಾಂಸವನ್ನು ಬಿಗಿಯುವ ನಾರು, ಕಟ್ಟು, ರಜ್ಜು, ಇದೆಲ್ಲ ನಹಾರು.

ಬೆನ್ನಿನಲ್ಲಿ ಈ ಕಟ್ಟುಗಳು ಎಷ್ಟಿವೆ ನೋಡಿ. ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5 ಕಶೇರುಗಳು, ಅದರ ಕೆಳಗೆ ಒಂದಕ್ಕೊಂದು ಬೆಸೆದುಕೊಂಡವು. ಕಶೇರುಗಳ ಮುಂದೆ ಮೇಲಿನಿಂದ ಕೆಳಗಿನವರೆಗೆ ಅಗಲವಾದ ಪಟ್ಟಿಯಂಥ ಒಂದು ರಜ್ಜು. ಹಿಂದೆ, ಮಿದುಳುಬಳ್ಳಿಯ ಕೊಳವೆಯೊಳಗೆ ಇನ್ನೊಂದು. ಈ ಎರಡನೆಯದು ಸೊಂಟದ ಹತ್ತಿರ ಕಿರಿದಾಗುತ್ತದೆ. ಡಿಸ್ಕ್ ಹೊರಗೆ ಉಬ್ಬುವಾಗ ಹೆಚ್ಚಾಗಿ ಅದೇ ಮಟ್ಟದಲ್ಲಿ, ಓರೆಯಾಗಿ ಹಿಂದಕ್ಕೆ ಉಬ್ಬುವುದಕ್ಕೆ ಅದೂ ಒಂದು ಕಾರಣ. ಇನ್ನೊಂದು ಹಳದಿ ಬಣ್ಣದ ರಜ್ಜು ಇದೆ, ರಬ್ಬರಿನಂತೆ ಹಿಗ್ಗಿ ಮರಳುವ ಗುಣದ್ದು. ನಾವು ಬಗ್ಗಿದಾಗ ಅದು ಹಿಗ್ಗುತ್ತದೆ, ಎದ್ದಾಗ ತನ್ನ ಅಳತೆಗೆ ಮರಳುತ್ತದೆ.

ಆದರೆ ಗಂಟೆಗಟ್ಟಲೆ ಬಗ್ಗಿಯೇ ಇದ್ದರೆ? ರೇಷ್ಮೆ ನೂಲು ತೆಗೆಯುವ ರಾಮನಗರದ ಅಕ್ಕಂದಿರು ಬಿಸಿನೀರಿನ ತೊಟ್ಟಿಯ ಮುಂದೆ ಬಗ್ಗಿರುತ್ತಾರೆ. ಕನಕಪುರದ ಹಿಪ್ಪುನೇರಳೆ ತೋಟದಲ್ಲಿ, ಮಾಗಡಿಯ ರಾಗಿ ಹೊಲದಲ್ಲಿ ಕುಯ್ಯುವವರದೂ ಅದೇ ಕಥೆ. ಬಹಳ ಹೊತ್ತು ಬಗ್ಗಿದಾಗ ಬೆನ್ನಿನ ಸ್ನಾಯುಗಳು ಸೋತು, ಭಾರವೆಲ್ಲ ರಜ್ಜುಗಳ ಮೇಲೆ ಬೀಳುತ್ತದೆ. ಅವು ನಿಧಾನವಾಗಿ ಜಗ್ಗುತ್ತವೆ. ಎದ್ದ ತಕ್ಷಣ ಮೊದಲಿನ ಬಿಗಿ ಬರುವುದಿಲ್ಲ. ಬೆನ್ನು ಹಿಡಿದುಕೊಂಡು ಒಂದು ಗಳಿಗೆ ನಿಲ್ಲುವುದು ಸೋಮಾರಿತನವಲ್ಲ, ದೇಹ ಕೇಳುವ ಸಮಯ ಅದು.

ಸತಿಪಟ್ಠಾನದ ಸ್ಮಶಾನಚಿಂತನೆಯಲ್ಲೂ ನಹಾರು ಬರುತ್ತದೆ. ಮೊದಲು ಮಾಂಸ ರಕ್ತ ಹೋಗುತ್ತದೆ. ಆಗಲೂ ನಹಾರು ಇರುವವರೆಗೆ ಅಸ್ಥಿಪಂಜರ ಒಂದಾಗಿರುತ್ತದೆ. ನಹಾರು ಬಿಟ್ಟ ಮೇಲೆ ಕೈಮೂಳೆ ಒಂದು ಕಡೆ, ಬೆನ್ನುಮೂಳೆ ಒಂದು ಕಡೆ, ತಲೆಬುರುಡೆ ಒಂದು ಕಡೆ. "ನನ್ನ ಬೆನ್ನು" ಎಂಬ ಒಂದು ವಸ್ತು ಎಲ್ಲೂ ಇರಲಿಲ್ಲ. ಕೆಲವು ಮೂಳೆ, ಕೆಲವು ಕಟ್ಟು, ಅವು ಒಟ್ಟಿಗಿದ್ದಷ್ಟು ದಿನ ಒಂದು ಹೆಸರು. ಅನತ್ತ ಎಂಬುದನ್ನು ಇದಕ್ಕಿಂತ ಹತ್ತಿರದಲ್ಲಿ ಎಲ್ಲಿ ನೋಡುತ್ತೀರಿ?

*ಬುದ್ಧರ ಬೆನ್ನೂ ನೋಯುತ್ತಿತ್ತು*

ಇದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಸೇಖ ಸುತ್ತ ನೆನಪಿಸಿಕೊಳ್ಳಿ. ಕಪಿಲವಸ್ತುವಿನಲ್ಲಿ ಶಾಕ್ಯರು ಹೊಸ ಸಭಾಭವನ ಕಟ್ಟಿದ್ದಾರೆ. ಬುದ್ಧರು ರಾತ್ರಿ ಬಹಳ ಹೊತ್ತು ಧಮ್ಮ ಹೇಳಿದರು. ಆಮೇಲೆ ಆನಂದರನ್ನು ಕರೆದು, ಬೆನ್ನು ನೋಯುತ್ತಿದೆ, ಸ್ವಲ್ಪ ಒರಗುತ್ತೇನೆ, ಮುಂದಿನದನ್ನು ನೀನು ಹೇಳು ಎಂಬರ್ಥದ ಮಾತು ಹೇಳಿದರು. ಸಂಘಾಟಿಯನ್ನು ಮಡಿಸಿ ಹಾಸಿ, ಬಲ ಮಗ್ಗುಲಿಗೆ ಸಿಂಹಶಯ್ಯೆಯಲ್ಲಿ ಮಲಗಿದರು, ಅರಿವಿನಿಂದಲೇ. ಆನಂದರು ಹೇಳಿ ಮುಗಿಸಿದ ಮೇಲೆ ಎದ್ದು ಸಾಧು ಎಂದು ಮೆಚ್ಚಿದರು. ಸಂಗೀತಿ ಸುತ್ತದಲ್ಲೂ ಪಾವಾ ಊರಿನಲ್ಲಿ ಇಂಥದ್ದೇ ಸಂದರ್ಭ ಬರುತ್ತದೆ, ಅಲ್ಲಿ ಮಾತು ಮುಂದುವರಿಸಿದವರು ಸಾರಿಪುತ್ತರು. ಇನ್ನು 80ನೇ ವಯಸ್ಸಿನಲ್ಲಿ, ಬೇಲುವ ಗ್ರಾಮದಲ್ಲಿ ಕಾಯಿಲೆಯಿಂದ ಎದ್ದ ಮೇಲೆ, ತಮ್ಮ ದೇಹವನ್ನು ಹಗ್ಗಪಟ್ಟಿ ಬಿಗಿದು ಹೇಗೋ ಓಡಿಸುವ ಹಳೇ ಗಾಡಿಗೆ ಹೋಲಿಸಿದರು.

ಸಭೆಯ ಎದುರಿಗೇ ಬೆನ್ನು ನೋಯುತ್ತಿದೆ ಎಂದು ಹೇಳಲು ಬುದ್ಧರಿಗೆ ನಾಚಿಕೆಯಾಗಲಿಲ್ಲ. ಮಲಗಿದರೆ ಧಮ್ಮ ನಿಂತುಹೋಗುತ್ತದೆ ಎಂದೂ ಅವರು ಎಣಿಸಲಿಲ್ಲ. ನಡೆಯುವುದು, ನಿಲ್ಲುವುದು, ಕೂರುವುದು, ಮಲಗುವುದು, ಈ ನಾಲ್ಕು ಭಂಗಿಗಳಲ್ಲೂ ಅರಿವಿರಲಿ ಎಂದವರೇ ಅವರು. ಮಲಗುವುದಕ್ಕೆ ದೇಹದ ಕಡೆಯಿಂದಲೂ ಅರ್ಥವಿದೆ. ಕಶೇರುಗಳ ನಡುವಿನ ಡಿಸ್ಕ್‌ಗಳು ದಿನವಿಡೀ ಭಾರಕ್ಕೆ ನೀರು ಹಿಂಡಿಕೊಂಡು ತೆಳುವಾಗುತ್ತವೆ, ಮಲಗಿದಾಗ ಮತ್ತೆ ನೀರು ಹೀರುತ್ತವೆ. ಬೆಳಿಗ್ಗೆ ಎದ್ದಾಗ ನಾವು ಸಂಜೆಗಿಂತ ಸುಮಾರು ಒಂದು ಸೆಂಟಿಮೀಟರ್ ಎತ್ತರ ಇರುವುದು ಇದರಿಂದಲೇ. ದೊಡ್ಡವರ ಡಿಸ್ಕ್‌ನ ಒಳಭಾಗಕ್ಕೆ ರಕ್ತನಾಳ ಇಲ್ಲ. ಅದರ ಊಟ ಸುತ್ತಲಿನಿಂದ ಜಿನುಗಿಯೇ ಬರಬೇಕು. ಹಾಗಾಗಿ ಅದಕ್ಕೆ ಚಲನೆಯೂ ಬೇಕು, ಬಿಡುವೂ ಬೇಕು.

*ಎರಡನೆಯ ಬಾಣ*

ಸಲ್ಲ ಸುತ್ತದ ಎರಡು ಬಾಣಗಳ ಮಾತು ನಿಮಗೆಲ್ಲ ಗೊತ್ತು. ಮೊದಲ ಬಾಣ ದೇಹದ ನೋವು. ಅದು ಬುದ್ಧರನ್ನೂ ಬಿಡಲಿಲ್ಲ. ಎರಡನೆಯದು ಆ ನೋವಿನ ಮೇಲೆ ಮನಸ್ಸು ಹೂಡುವ ಬಾಣ: ನನಗೇ ಯಾಕೆ, ನಾನು ಕೆಲಸಕ್ಕೆ ಬಾರದವನು, ಪಕ್ಕದವರು ಕಂಬದ ಹಾಗೆ ಕೂತಿದ್ದಾರೆ. ಆ ಭಾನುವಾರ ಹಿರಿಯರ ಬೆನ್ನಿಗೆ ಮೊದಲ ಬಾಣವನ್ನು ಅವರ ದುಡಿಮೆ ಹೊಡೆದಿತ್ತು. ಎರಡನೆಯದನ್ನು ಹೊಡೆದವನು ನಾನು. ಧಮ್ಮದ ಮಾತನ್ನೇ ಬಾಣ ಮಾಡಿ ಹೊಡೆದೆ.

ನೋವನ್ನು ಸಹಿಸುವುದು ಬೇಡ ಎಂದು ನಾನು ಹೇಳುತ್ತಿಲ್ಲ. ಸಣ್ಣ ಜೋಮು, ಸಣ್ಣ ಕೆರೆತಕ್ಕೆಲ್ಲ ಹೊರಳಿದರೆ ಮನಸ್ಸು ನಿಲ್ಲದು, ಖಂತಿ ಬೇಕು. ಆದರೆ ಅರಿತು ಭಂಗಿ ಬದಲಿಸುವುದು ಬೇರೆ, ಕಿರಿಕಿರಿಯಿಂದ ಒದ್ದಾಡುವುದು ಬೇರೆ. ಹಟದಿಂದ ಕೂರುವುದು ಖಂತಿಯಲ್ಲ, ಅದು ಮಾನವೂ ಆಗಿರಬಹುದು. ಬೋಧಿಗೆ ಮುಂಚೆ ಸಿದ್ಧಾರ್ಥರು ಉಪವಾಸದಿಂದ ಪಕ್ಕೆಲುಬು ಹಳೇ ಮನೆಯ ತೊಲೆಗಳಂತೆ, ಬೆನ್ನುಮೂಳೆ ಮಣಿಸರದಂತೆ ಎದ್ದು ಕಾಣುವವರೆಗೆ ದೇಹವನ್ನು ದಂಡಿಸಿದರು. ಆ ದಾರಿ ಅಲ್ಲ ಎಂದು ಕಂಡ ಮೇಲೆಯೇ ಊಟ ಮಾಡಿ ಮರದ ಕೆಳಗೆ ಕೂತರು.

ಕಳೆದ ವಾರ ಆ ಹಿರಿಯರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಮೂಲೆಯಲ್ಲಿ ಅವರ ತಂದೆಯ ಕಾಲದ ಕೈಬಿಲ್ಲು ನೇತಾಡುತ್ತಿತ್ತು. ಸುತ್ತದ ಹೋಲಿಕೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನು ಕಣ್ಣಲ್ಲಿ ನೋಡೋದಲ್ಲ ಸ್ವಾಮಿ, ಉದ್ದವೋ ಗಿಡ್ಡವೋ ಕೈಗೇ ಗೊತ್ತಾಗುತ್ತೆ. ಉಸಿರೂ ಹಂಗೇನಾ?" ಎಂದು ಕೇಳಿದರು. ಹೌದು ಎಂದೆ. ಇಷ್ಟು ವರ್ಷ ಅದನ್ನೇ ಹೇಳಲು ನಾನು ಒದ್ದಾಡುತ್ತಿದ್ದೆ. ಈ ಭಾನುವಾರ ಬರುತ್ತೇನೆ ಎಂದಿದ್ದಾರೆ. ಗೋಡೆಯ ಬಳಿ ಮೂರು ಕುರ್ಚಿ, ಎರಡು ಚಾಪೆ ಹಾಕಿರುತ್ತೇವೆ. ಯಾರಿಗೆ ಬೇಕೋ ಅವರಿಗೆ, ಯಾರೂ ಕಾರಣ ಕೇಳುವುದಿಲ್ಲ.

*ಇಂದಿನ ಅಭ್ಯಾಸ (10 ನಿಮಿಷ)*

1. ನೆಲದಲ್ಲಿ ಕೂರುವವರು ಗಟ್ಟಿ ದಿಂಬು ಹಾಕಿ ಸೊಂಟ ಮಂಡಿಗಿಂತ ಮೇಲಿರುವಂತೆ ನೋಡಿಕೊಳ್ಳಿ. ಇಲ್ಲವಾದರೆ ಸೊಂಟ ಹಿಂದಕ್ಕೆ ಬಾಗಿ ರಜ್ಜುಗಳು ಜಗ್ಗುತ್ತವೆ. ನೆಟ್ಟಗೆ ಎಂದರೆ ಗಣೆಯ ಹಾಗೆ ಅಲ್ಲ, ಬೆನ್ನಿಗೆ ತನ್ನದೇ ಬಾಗುಗಳಿವೆ.

2. ಎರಡೂ ಅಂಗೈಗಳನ್ನು ಕೆಳ ಪಕ್ಕೆಲುಬುಗಳ ಮೇಲಿಡಿ. ಅವು ಅರಳುವುದನ್ನು, ಮುದುಡುವುದನ್ನು ಅಂಗೈಯಲ್ಲೇ ಅರಿಯಿರಿ. ಉದ್ದ ಉಸಿರೋ ಗಿಡ್ಡ ಉಸಿರೋ, ಬದಲಿಸಬೇಡಿ.

3. ನೋವು ಬಂದರೆ ಮೊದಲು ನೋಡಿ: ಎಲ್ಲಿದೆ, ಉಸಿರಿನ ಜೊತೆ ಹೆಚ್ಚುತ್ತದೆಯೋ, ತಗ್ಗುತ್ತದೆಯೋ? ಬದಲಿಸಬೇಕೆನಿಸಿದರೆ, ಬದಲಿಸುತ್ತಿದ್ದೇನೆ ಎಂದು ಅರಿತು ನಿಧಾನವಾಗಿ ಬದಲಿಸಿ. ಕುರ್ಚಿಯಾದರೂ ಸರಿ, ಚಾಪೆಯಾದರೂ ಸರಿ.

4. ಕೊನೆಗೆ ಒಂದು ನಿಮಿಷ ಮೈತ್ರಿ: ಬಗ್ಗಿ ದುಡಿಯುವ ಎಲ್ಲ ಬೆನ್ನುಗಳೂ ಇಂದು ಸ್ವಲ್ಪ ಹೊತ್ತು ಒರಗಲಿ.

ಒಂದು ಎಚ್ಚರಿಕೆ. ಕಾಲು ಮರಗಟ್ಟುವುದು, ಬಲ ಕಳೆದುಕೊಳ್ಳುವುದು, ಮೂತ್ರದ ಹಿಡಿತ ತಪ್ಪುವುದು, ಬಿದ್ದ ಮೇಲೆ ಅಥವಾ ಜ್ವರದ ಜೊತೆ ಬೆನ್ನುನೋವು ಬರುವುದು, ಎದೆ ಹಿಂಡಿದಂತಾಗಿ ಬೆವರುವುದು, ಇವು ಧ್ಯಾನದಲ್ಲಿ ಕೂತು ನೋಡುವ ವಿಷಯಗಳಲ್ಲ. ತಡ ಮಾಡದೆ ಆಸ್ಪತ್ರೆಗೆ ಹೋಗಿ. ಬುದ್ಧರೂ ಜೀವಕನ ಔಷಧ ತೆಗೆದುಕೊಂಡವರು.

*ಸಂಜೆಗೆ ಒಂದು ಪ್ರಶ್ನೆ:* ಇಂದು ನಾನು ಯಾರ ನೋವಿನ ಮೇಲಾದರೂ ಎರಡನೆಯ ಬಾಣ ಹೂಡಿದೆನೇ?

ಬೆನ್ನು ನೋಯುವ ಒಬ್ಬರಿಗಾದರೂ ಇದನ್ನು ಕಳಿಸಿ. ಓದಲು ಬಾರದವರಿದ್ದರೆ ಪಕ್ಕದಲ್ಲಿ ಕೂತು ಓದಿ ಹೇಳಿ.

ಭವತು ಸಬ್ಬ ಮಂಗಲಂ
ಸಾಧು, ಸಾಧು, ಸಾಧು 🙏