ಗ್ರಂಥಾಲಯದ ಫಿಲ್ಟರ್ ಮತ್ತು ಅಧಿಕಾರದ ಪ್ರಶ್ನೆ

ಸಾರ್ವಜನಿಕ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಕೆಲವು ಜಾಲತಾಣಗಳು ತೆರೆಯದಂತೆ ತಡೆಯುವ ತಂತ್ರಾಂಶವನ್ನು ಫಿಲ್ಟರ್ ಎನ್ನುತ್ತಾರೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಕಂಪ್ಯೂಟರ್ ಸೌಲಭ್ಯವಿರುವ ಅರಿವು ಕೇಂದ್ರಗಳಾದ ಮೇಲೆ ಇದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಿಗೂ ಸಂಬಂಧಿಸಿದ ಪ್ರಶ್ನೆ. ಓದುವವನ ಪರವಾಗಿ ಇನ್ನೊಬ್ಬರು ತೀರ್ಮಾನಿಸಬಹುದೇ ಎಂಬುದು ಅದರ ತಾತ್ವಿಕ ತಿರುಳು.

ಈ ಪ್ರಶ್ನೆ ನಮ್ಮ ದರ್ಶನ ಪರಂಪರೆಗೆ ಹೊಸದಲ್ಲ. ಅಲ್ಲಿ ಎದುರಾಳಿಯ ವಾದವನ್ನು ಪೂರ್ವಪಕ್ಷವಾಗಿ ಮಂಡಿಸಿದ ನಂತರವೇ ಖಂಡನೆ. ಶೃಂಗೇರಿಯ ವಿದ್ಯಾರಣ್ಯರದೆಂದು ಸಂಪ್ರದಾಯ ಹೇಳುವ, ಕರ್ತೃತ್ವದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲದ 14ನೆಯ ಶತಮಾನದ ‘ಸರ್ವದರ್ಶನಸಂಗ್ರಹ’ ವೇದವನ್ನೇ ಅಲ್ಲಗಳೆಯುವ ಚಾರ್ವಾಕಮತದಿಂದ ಆರಂಭವಾಗುತ್ತದೆ. ಚಾರ್ವಾಕರ ಮೂಲಗ್ರಂಥಗಳು ಬಹುಮಟ್ಟಿಗೆ ನಷ್ಟವಾಗಿವೆ. ಅವರ ಮತವನ್ನು ಇಂದು ತಿಳಿಯಲು ಅದನ್ನು ಒಪ್ಪದವರು ಬರೆದ ಈ ಕೃತಿಯೇ ಮುಖ್ಯ ಆಧಾರಗಳಲ್ಲೊಂದು.

ಆದರೆ ಇದೇ ಪರಂಪರೆ ಓದುವವರನ್ನು ಸೋಸಿತು. ಬ್ರಹ್ಮಸೂತ್ರದ ಅಪಶೂದ್ರಾಧಿಕರಣದ ಭಾಷ್ಯದಲ್ಲಿ ಶಂಕರರು ಶೂದ್ರರಿಗೆ ವೇದಾಧ್ಯಯನದ ಅಧಿಕಾರ, ಅಂದರೆ ಅರ್ಹತೆ, ಇಲ್ಲವೆಂದರು. ಅಲ್ಲಿ ವಿಚಾರಕ್ಕೆ ಬಾಗಿಲು ತೆರೆದಿತ್ತು, ಜನರಿಗೆ ಮುಚ್ಚಿತ್ತು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದಂಥ ಕಾನೂನುಗಳಿಂದ ಬೆಳೆದ ಗ್ರಂಥಾಲಯಗಳು ಎಲ್ಲರನ್ನೂ ಒಳಗೆ ಬಿಟ್ಟುಕೊಂಡವು. ಫಿಲ್ಟರ್ ಹಾಗೆ ಬಂದವರಿಗೆ ವಿಚಾರವನ್ನು ಮುಚ್ಚುತ್ತದೆ.

ಯಂತ್ರಕ್ಕೆ ಸಂದರ್ಭ ತಿಳಿಯುವುದು ಕಷ್ಟ. ಅದು ವಿಳಾಸಗಳ ಪಟ್ಟಿಯನ್ನೋ ಪುಟದ ಪದಗಳನ್ನೋ ನೋಡಿ ತಡೆಯುತ್ತದೆ. ಉದಾಹರಣೆಗೆ, ನರಸಿಂಹರಾಜಪುರದ ಸಿಂಹನಗದ್ದೆ ಜೈನ ಕ್ಷೇತ್ರ. ‘ನಗ್ನ’ ಎಂಬ ಪದವನ್ನೇ ತಡೆಯುವ ಫಿಲ್ಟರಿಗೆ ದಿಗಂಬರ ಮುನಿವ್ರತದ ಲೇಖನವೂ ಅಶ್ಲೀಲ ಪುಟವೂ ಒಂದೇ. ಸತ್ಯಕ್ಕೆ ಹಲವು ಮುಖಗಳಿವೆ ಎನ್ನುವ ಜೈನರ ಅನೇಕಾಂತವಾದ ಒಂದೇ ನೋಟದ ಇಂಥ ತೀರ್ಪನ್ನು ಒಪ್ಪುವುದಿಲ್ಲ.

ಮಕ್ಕಳ ರಕ್ಷಣೆಯ ವಾದಕ್ಕೆ ತೂಕವಿದೆ. ವಯಸ್ಸಿನಿಂದ ಬರುವ ಅಧಿಕಾರಭೇದ ತಾತ್ಕಾಲಿಕ, ಜನ್ಮದಿಂದ ಹೊರಿಸಿದ್ದು ಶಾಶ್ವತ. ಮೊದಲನೆಯದನ್ನು ಮಾತ್ರ ಸಮರ್ಥಿಸಬಹುದು. ಒಕ್ಕೂಟ ಸರ್ಕಾರದ ನೆರವು ಪಡೆಯುವ ಗ್ರಂಥಾಲಯಗಳಲ್ಲಿ ಫಿಲ್ಟರ್ ಬೇಕೆನ್ನುವ ಅಮೆರಿಕದ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟ್ 2003ರಲ್ಲಿ ಎತ್ತಿಹಿಡಿದಾಗ, ವಯಸ್ಕರು ಕೇಳಿದರೆ ಅದನ್ನು ತೆಗೆಯಬಹುದೆಂಬುದು ಮುಖ್ಯ ಕಾರಣಗಳಲ್ಲೊಂದಾಗಿತ್ತು. ಭಾರತದ ಸುಪ್ರೀಂ ಕೋರ್ಟ್ 2015ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಅಂತರಜಾಲದ ಮಾಹಿತಿಯನ್ನು ತಡೆಯಲು ಸರ್ಕಾರಕ್ಕೆ ಅವಕಾಶ ಕೊಡುವ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮನ್ನು ಉಳಿಸುವಾಗ, ತಡೆಗೆ ಲಿಖಿತ ಕಾರಣವಿರಬೇಕೆಂಬ ಅಂಶವನ್ನು ಗಮನಿಸಿತು.

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಯುವಜನರಿಂದ ಬಯಸಿದ್ದು ನಿರಂಕುಶಮತಿ, ಅಂದರೆ ಯಾರ ಅಂಕುಶಕ್ಕೂ ಒಳಪಡದ ಬುದ್ಧಿ. ಮಕ್ಕಳ ಕಂಪ್ಯೂಟರಿಗೆ ಫಿಲ್ಟರ್ ಇರಲಿ. ಆದರೆ ಏನನ್ನು, ಏಕೆ ತಡೆದಿದೆ ಎಂಬುದು ಓದುಗನಿಗೆ ಕಾಣಬೇಕು. ವಯಸ್ಕನು ಕೇಳಿದರೆ ಕಾರಣ ವಿಚಾರಿಸದೆ ತೆಗೆಯಬೇಕು. ಈ ಎರಡೂ ಇಲ್ಲದ ಫಿಲ್ಟರ್ ಸೆನ್ಸಾರ್‌ಶಿಪ್ಪೇ.